ಶ್ ಮಾಮನ ಶನಿವಾರ

"ಬಾಯಿ ಬಿಡಿ ಸ್ವಾಮಿ! ಯಾರಾದರೂ ಒಬ್ಬರು ಬಾಯಿ ಬಿಡಿ!"

ಲ್ಯಾಪ್‌ಟಾಪಿನ ಮುಂದೆ ಕೈಮುಗಿದು ಹೀಗೆ ಬೇಡಿಕೊಳ್ಳುತ್ತಿದ್ದವನು ಬೇರೆ ಯಾರೂ ಅಲ್ಲ, ಗ್ರಂಥಾಲಯದ ಅಟೆಂಡರ್ ಶ್ ಮಾಮ. ತಲೆಗೂದಲು ಕಪ್ಪಗಿದ್ದಾಗಿನಿಂದ ಬೆಳ್ಳಗಾಗುವವರೆಗೂ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಸಂಬಳ ತಿಂದ ಮನುಷ್ಯ. ಕುರ್ಚಿ ಕಿರ್ ಅಂದರೆ ಕುರ್ಚಿಗೂ 'ಶ್' ಅನ್ನುತ್ತಿದ್ದ. ಹೆತ್ತವರು ಇಟ್ಟ ಹೆಸರು ಊರಿಗೆ ಮರೆತೇ ಹೋಗಿತ್ತು.

ಈಗ ಸೋಂಕಿನ ಕಾಲ, ಓದುಗರ ಪಾಲಿಗೆ ಗ್ರಂಥಾಲಯಕ್ಕೆ ಬೀಗ. ಗ್ರಂಥಪಾಲಕಿ ಮೇಡಂ ದೊಡ್ಡವರಿಗೆಂದು ಶನಿವಾರ ಸಂಜೆ ಆನ್‌ಲೈನಿನಲ್ಲಿ 'ಓದು-ಹರಟೆ' ಶುರುಮಾಡಿದ್ದರು. ಜನ ಬರುತ್ತಿರಲಿಲ್ಲ ಅಂತಲ್ಲ, ಬರುತ್ತಿದ್ದರು. ಒಂದು ಚೌಕದಲ್ಲಿ ಯಾರದೋ ಹಣೆ, ಇನ್ನೊಂದರಲ್ಲಿ ಯಾರ ಮನೆಯದೋ ಫ್ಯಾನು, ಮತ್ತೊಂದರಲ್ಲಿ ನಿವೃತ್ತ ಹೆಡ್‌ಮಾಸ್ತರರ ಮೀಸೆ. ಎಲ್ಲರ ಮೈಕೂ ಬಂದ್.

"ಇವತ್ತೂ ಹೀಗೇ ಆದ್ರೆ ನಿಲ್ಲಿಸಿಬಿಡಿ ಅಂದಿದ್ದಾರೆ ಮೇಲಿನವರು," ಮೇಡಂ ಮಾಸ್ಕಿನೊಳಗಿಂದಲೇ ಪಿಸುಗುಟ್ಟಿದರು. "ಆಮೇಲೆ ಈ ಕಟ್ಟಡದಲ್ಲಿ ನಾನು, ನೀವು, ಗೆದ್ದಲು. ಅಷ್ಟೇ."

ಮಾಮ ಖಾಲಿ ಕುರ್ಚಿಗಳತ್ತ ನೋಡಿದ. ಜೀವಮಾನವೆಲ್ಲ ಬೇಡಿದ್ದ ಮೌನ ಈಗ ಕೇಳದೆಯೇ ಸಿಕ್ಕಿತ್ತು. ಅದರ ಜೊತೆ ಒಂದು ಮಧ್ಯಾಹ್ನ ಕಳೆಯುವುದೂ ಅವನ ಕೈಲಾಗುತ್ತಿರಲಿಲ್ಲ. ಅಷ್ಟರಲ್ಲಿ ಹೆಡ್‌ಮಾಸ್ತರರು ಏನೋ ಬರೆದು ಕಳಿಸಿದರು. ಮೇಡಂ ಓದಿ ಹೇಳಿದರು: "'ಇಲ್ಲಿ ಉಸಿರೆತ್ತಬಾರದು ಅಂತ ನಮಗೆ ಕಲಿಸಿದವರೇ ನೀವಲ್ಲವೇ?' ಅಂತಿದ್ದಾರೆ."

ಮಾಡಿದ್ದುಣ್ಣೋ ಮಹಾರಾಯ ಅಂದುಕೊಂಡು ಮಾಮ ಜೇಬಿನಿಂದ ಫೋನು ತೆಗೆದ. ಮಾತಿಗೆ ಬರವಿಲ್ಲದವಳು ಒಬ್ಬಳು ಅವನಿಗೆ ಗೊತ್ತಿದ್ದಳು. ಟೈಲರಮ್ಮ. ಅವಳೂ ಅವಳ ನಾದಿನಿಯೂ ದಿನಾ ಮಧ್ಯಾಹ್ನ ಕಿಟಕಿ ಪಕ್ಕದ ಮೂಲೆ ಹಿಡಿದು, ಒಂದು ದಪ್ಪ ಕಾದಂಬರಿಯ ಮೇಲೆ ತಲೆಗೆ ತಲೆ ತಾಗಿಸಿ ಗುಸುಗುಸು ಅನ್ನುತ್ತಿದ್ದರು. ಮಾಮ ಗದರಿದರೆ ಚಣಹೊತ್ತು ಸುಮ್ಮನೆ, ಮತ್ತೆ ಗುಸುಗುಸು. ಅವರ ಮೇಲೆ ಕಣ್ಣಿಡುವುದಕ್ಕೋ ಏನೋ, ಆ ಮೂಲೆಯ ಕಪಾಟಿನ ಧೂಳು ಮಾತ್ರ ಮಾಮನಿಗೆ ಎಷ್ಟು ಒರೆಸಿದರೂ ಮುಗಿಯುತ್ತಿರಲಿಲ್ಲ. ಬೀಗ ಬೀಳುವುದಕ್ಕೆ ಸ್ವಲ್ಪ ಮುಂಚೆ ಒಂದು ದಿನ ನಾದಿನಿ ಇದ್ದಕ್ಕಿದ್ದಂತೆ "ಅಯ್ಯೋ, ಬಿಡಬೇಡ ಕಣೇ!" ಎಂದು ಕಿರುಚಿಬಿಟ್ಟಳು. ಹೆಡ್‌ಮಾಸ್ತರರು ಪೇಪರು ಕೆಳಗಿಳಿಸಿ ಗುರಾಯಿಸಿದರು. ಮಾಮ ಇನ್ನೇನು ಮಾಡಿಯಾನು, ಇಬ್ಬರಿಗೂ ಬಾಗಿಲು ತೋರಿಸಿದ. ಕಾದಂಬರಿಯನ್ನು ತನ್ನ ಹೆಸರಿಗೆ ಬರೆಸಿಕೊಂಡು ಮೆಟ್ಟಿಲಿಳಿದ ಟೈಲರಮ್ಮ ಮತ್ತೆ ಇತ್ತ ತಲೆ ಹಾಕಿರಲಿಲ್ಲ.

ಫೋನಿನಲ್ಲಿ ಮೊದಲು ಹೊಲಿಗೆ ಮಷಿನ್ನಿನ ಕಟಕಟ ಕೇಳಿಸಿತು. ಆಮೇಲೆ ದನಿ.

"ಯಾರು, ಶ್ ಮಾಮನಾ? ನಿಮಗೆ ಮಾತೂ ಬರುತ್ತಾ?"

"ಅದೇ, ಒಂದು ಪುಸ್ತಕ ವಾಪಸ್ ಬಂದಿಲ್ಲ..."

"ಲೋಕವೆಲ್ಲ ಬಾಗಿಲು ಹಾಕ್ಕೊಂಡು ಕೂತಿದೆ, ಇವರಿಗೆ ಪುಸ್ತಕದ ಚಿಂತೆ. ರೆಕ್ಕೆ ಕಟ್ಕೊಂಡು ಬರಲಾ?"

"ಪುಸ್ತಕ ಹಾಳಾಗಿ ಹೋಗ್ಲಿ ತಾಯಿ," ಮಾಮ ದನಿ ತಗ್ಗಿಸಿದ. "ನೀವು ಬನ್ನಿ. ಆನ್‌ಲೈನಿಗೆ. ಬಂದು ಮಾತಾಡಿ."

ಮಷಿನ್ನು ನಿಂತಿತು.

"ಏನಂದ್ರಿ? ಕೇಳಿಸಲಿಲ್ಲ. ಗಟ್ಟಿಯಾಗಿ ಹೇಳಿ."

"ಬಂದು ಮಾತಾಡಿ!"

"ಇನ್ನೂ ಗಟ್ಟಿಯಾಗಿ."

"ಬಂದು ಮಾತಾಡಿ ಮಾರಾಯ್ತೀ!" ಮಾಮ ಕೂಗಿದ ರಭಸಕ್ಕೆ ಖಾಲಿ ವಾಚನಾಲಯವೆಲ್ಲ ಮೊಳಗಿತು. ಲ್ಯಾಪ್‌ಟಾಪಿನಲ್ಲಿ ಹಣೆಯೊಂದು ಕೆಳಗಿಳಿದು ಪೂರ್ತಿ ಮುಖವಾಯಿತು. ಫ್ಯಾನಿದ್ದ ಚೌಕದಲ್ಲಿ ಒಬ್ಬ ಮನುಷ್ಯ ಕಾಣಿಸಿಕೊಂಡ.

"ಬರ್ತೀನಿ, ಆದ್ರೆ ನಾದಿನೀನೂ ಕರೀಬೇಕು," ಅಂದಳು ಟೈಲರಮ್ಮ. "ಅವಳಿಗೆ ಕಣ್ಣಲ್ಲಿ ಪೊರೆ. ನಾನು ಓದಿ ಹೇಳ್ತಿದ್ದೆ, ನೀವು ಅದನ್ನ ಹರಟೆ ಅಂದ್ರಿ. ಈಗ ಅವಳು ಆ ಮನೇಲಿ, ನಾನು ಈ ಮನೇಲಿ. ಅವಳನ್ನ ಬಿಟ್ಟು ಒಂದು ಸಾಲೂ ಮುಂದಕ್ಕೆ ಓದಿಲ್ಲ ನಾನು."

ಮಾಮ ಎರಡೂ ನಂಬರು ಬರೆದುಕೊಟ್ಟ. ಮೇಡಂ ಇಬ್ಬರಿಗೂ ಲಿಂಕು ಕಳಿಸಿದರು.

ಟೈಲರಮ್ಮ ಬಂದಳು, ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಕಾದಂಬರಿ. ನಾದಿನಿಯೂ ಬಂದಳು, ಅಂದರೆ ಅವಳ ಮೂಗು ಮತ್ತು ಗದ್ದ ಬಂದವು.

"ಎಲ್ಲಿಗೆ ನಿಲ್ಲಿಸಿದ್ವೇ?" ಟೈಲರಮ್ಮ ಹಾಳೆ ಮಗುಚಿದಳು. "ಗುರುತಿಗೆ ಇಟ್ಟಿದ್ದ ದಾರ ಆವತ್ತಿನ ಗಡಿಬಿಡೀಲಿ ಬಿದ್ದೇ ಹೋಯ್ತು. ಬಾವೀದು ಏನೋ ಇತ್ತಲ್ವಾ?"

ನಾದಿನಿಯ ತುಟಿ ಪಟಪಟ ಆಡಿತು. ದನಿ ಮಾತ್ರ ಹೊರಡಲಿಲ್ಲ.

"ಮೈಕು ಒತ್ತೇ! ಅಯ್ಯೋ ಅದಲ್ಲ, ಅದು ಪಕ್ಕದ್ದು!"

ಮೂಗು ಗದ್ದ ಎರಡೂ ಮಾಯವಾಗಿ ಒಂದು ಕಿವಿ ಬಂತು. ಹೆಡ್‌ಮಾಸ್ತರರು ಗಡಿಯಾರ ನೋಡಿಕೊಂಡರು. ಒಂದು ಚೌಕ ಆರಿತು, ಅದರ ಹಿಂದೆಯೇ ಇನ್ನೊಂದು. ಮೇಡಂ ಕಣ್ಣು ಮುಚ್ಚಿಕೊಂಡರು.

ಆಗ ಹಿಂದಿನಿಂದ ಗಂಟಲು ಕೆರೆದ ಸದ್ದಾಯಿತು.

"ಗಂಡ ಬಾವಿಯೊಳಗೆ ಇಳಿದಿದ್ದಾನೆ," ಅಂದ ಶ್ ಮಾಮ. "ಹಗ್ಗ ಮೇಲೆ ಹೆಂಡತಿ ಕೈಯಲ್ಲಿದೆ. ಬೆಳಗ್ಗೆ ತಾನೇ ಇಬ್ಬರಿಗೂ ಜೋರು ಜಗಳ ಆಗಿದೆ. ಅವಳ ಬೆರಳು ಒಂದೊಂದಾಗಿ ಸಡಿಲ ಆಗ್ತಿದೆ..."

"ಅದೇ! ಅದೇ!" ನಾದಿನಿಯ ಮೈಕು ಕೊನೆಗೂ ಹತ್ತಿಕೊಂಡಿತು.

ಟೈಲರಮ್ಮ ಕನ್ನಡಕ ಮೂಗಿನ ತುದಿಗಿಳಿಸಿ ಮಾಮನನ್ನೇ ದಿಟ್ಟಿಸಿದಳು. "ಅಲ್ಲಾ ಮಾಮ, ನೀವು ಅಲ್ಲಿ ಧೂಳು ಒರೆಸ್ತಿದ್ರಿ ಅಲ್ವಾ?"

"ಅದೆಲ್ಲ ಆಮೇಲೆ ತಾಯಿ," ಮಾಮ ಸ್ಟೂಲನ್ನು ಲ್ಯಾಪ್‌ಟಾಪಿನ ಹತ್ತಿರಕ್ಕೆ ಕಿರ್ ಎಂದು ಎಳೆದುಕೊಂಡ. "ಮೊದಲು ಓದಿ. ಪಾಪ, ಅವನು ಆವತ್ತಿನಿಂದ ಬಾವೀಲೇ ನೇತಾಡ್ತಿದ್ದಾನೆ."