ಹಿಡಿಸಿದ ಬೋಲ್ಟು

ಚಳಿ ಬಿಡುತ್ತಿದ್ದ ಕಾಲ, ಇಳಿಹೊತ್ತು. ಮಗಳು ವ್ಯಾನನ್ನು ಗ್ಯಾರೇಜಿನ ಗೇಟಿನವರೆಗೆ ಓಡಿಸಿ ನೋಡಿ, ಅಲ್ಲಿಂದಲೇ ಹಿಂದಕ್ಕೆ ತಂದು ನಿಲ್ಲಿಸಿದಳು. ಎಂಜಿನ್ ಆರಿಸಲಿಲ್ಲ. "ಅಪ್ಪಾ, ಸ್ಟೀರಿಂಗ್ ಸರಿಯಿಲ್ಲ" ಎಂದಳು.

ವ್ಯಾನು ಹಳೆಯದು. ತೆರೆದ ಚರಂಡಿಗೆ ಮುಂದಿನ ಚಕ್ರ ಇಳಿದು ಅದರ ಅಡಿಯೆಲ್ಲ ಸೊಟ್ಟಗಾಗಿತ್ತು. ಗ್ಯಾರೇಜಿನ ಯಜಮಾನ ಅವಳಪ್ಪ. ಜೊತೆಗೆ ದುಡಿಯುವವನು ಅವಳ ಗಂಡ. ಮಾವ ಅಳಿಯ ಸೇರಿ ಮುಂಭಾಗವನ್ನೆಲ್ಲ ಬಿಚ್ಚಿ, ಮುರಿದದ್ದನ್ನು ಬದಲಿಸಿ, ಆಗಷ್ಟೇ ಜೋಡಿಸಿ ಮುಗಿಸಿದ್ದರು. ಬೆಳಗಾದರೆ ಅವಳು ಹಿಂದಿನ ಬೀದಿಯ ಮೇಷ್ಟರನ್ನು ಡಯಾಲಿಸಿಸ್ ಮಾಡಿಸಲು ಗುಡ್ಡದ ಕೆಳಗಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಸರದಿ ತಪ್ಪಿದರೆ ಆ ಮನುಷ್ಯನಿಗೆ ಉಸಿರು ಕಟ್ಟುತ್ತದೆ. ಆ ರಸ್ತೆಯೋ ಬರೀ ಇಳಿಜಾರು, ಬರೀ ತಿರುವು.

"ಗುಂಯ್ ಅಂತಿದೆಯಲ್ಲ, ಅದೇ ತಾನೇ?" ಯಜಮಾನ ಬಾನೆಟ್ಟಿನೊಳಗೆ ತಲೆ ಹಾಕಿದ. "ಸ್ಟೀರಿಂಗಿನ ಎಣ್ಣೆ ಪೈಪ್ ಬಿಚ್ಚಿದ್ವಲ್ಲ, ಗಾಳಿ ಹೊಕ್ಕಿದೆ. ಎಣ್ಣೆ ನೋಡು, ಸೋಪಿನ ನೊರೆ ಆಗಿದೆ."

"ಪಂಪೇ ಹೋಗಿರ್ಬೇಕು ಮಾವ. ಅವತ್ತೇ ಹೇಳ್ದೆ" ಎಂದ ಅಳಿಯ.

"ಅವತ್ತು ನೀವು ಹೇಳದೇ ಬಿಟ್ಟಿದ್ದು ಯಾವುದಿದೆ ಅಳಿಯಂದ್ರೇ?"

ಜಾಕ್ ಕೊಟ್ಟು ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿದರು. ಎಂಜಿನ್ ಆರಿಸಿ, ಮಗಳ ಕೈಯಲ್ಲಿ ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ತಿರುಗಿಸಿದರು. ಎಣ್ಣೆಯ ಡಬ್ಬಿಯಲ್ಲಿ ಗುಳ್ಳೆ ಎದ್ದು ಒಡೆದು, ನೊರೆ ಇಳಿಯಿತು. ಕಡಿಮೆಯಾದಷ್ಟು ಎಣ್ಣೆ ಹೊಯ್ದರು. ಅಳಿಯ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದ. ಮತ್ತೆ ಎಂಜಿನ್ ಹಚ್ಚಿದಾಗ ಗುಂಯ್‌ಗುಡುವುದು ಅರ್ಧಕ್ಕರ್ಧ ಅಡಗಿತ್ತು. ಯಜಮಾನ ಬಟ್ಟೆಗೆ ಕೈ ಒರೆಸಿಕೊಂಡ.

"ಸದ್ದಲ್ಲ ಅಪ್ಪಾ ನಾನು ಹೇಳ್ತಿರೋದು. ತಿರುಗಿಸ್ತೀನಿ, ಒಂದು ಗಳಿಗೆ ಏನೂ ಆಗಲ್ಲ. ಆಮೇಲೆ ಚಕ್ರ ತಿರುಗುತ್ತೆ. ಕರೆದ್ರೂ ಕೇಳಿಸದೆ ಇರೋರ ಹಾಗೆ."

"ಇನ್ನೂ ಗಾಳಿ ಉಳಿದಿರುತ್ತೆ. ಓಡಿಸ್ತಾ ಓಡಿಸ್ತಾ ಹೋಗುತ್ತೆ ಬಿಡೇ."

"ಹೌದು, ಹೋಗುತ್ತೆ" ಎಂದ ಅಳಿಯ.

ಈ ಇಬ್ಬರೂ ಒಂದೇ ಮಾತಿಗೆ ಬಂದದ್ದನ್ನು ಕಂಡು ಅವಳಿಗೆ ಇನ್ನಷ್ಟು ದಿಗಿಲಾಯಿತು. "ಹಾಗಾದ್ರೆ ಹತ್ತಿ, ಇಬ್ಬರೂ" ಎಂದಳು.

ಗ್ಯಾರೇಜಿನ ಹಿಂದೆ ಒಂದು ಇಳಿಜಾರು ಓಣಿ. ಮೊದಲ ತಿರುವಿನಲ್ಲಿ ವ್ಯಾನು ಹೇಳಿದ ಮಾತು ಕೇಳಿತು. ಎರಡನೆಯದರಲ್ಲಿ ಅವಳು ಬಲಕ್ಕೆ ತಿರುಗಿಸಿದಳು. ಸ್ಟೀರಿಂಗು, ಸಡಿಲ ಡಬ್ಬಿಯ ಮುಚ್ಚಳದ ಹಾಗೆ, ಹಗುರಾಗಿ ಕೈಯಲ್ಲಿ ಸುತ್ತಿಕೊಂಡಿತು. ವ್ಯಾನು ನೇರ ಹೋಯಿತು. ಅವಳು ಬ್ರೇಕಿನ ಮೇಲೆ ನಿಂತೇಬಿಟ್ಟಳು. ಗಂಡ ಹ್ಯಾಂಡ್‌ಬ್ರೇಕ್ ಹಿಡಿದೆಳೆದ. ಹಿಂದಿನ ಸೀಟಿನಲ್ಲಿದ್ದ ಯಜಮಾನ ಮುಗ್ಗರಿಸಿ ಬಂದು ಮಗಳ ಭುಜ ಹಿಡಿದುಕೊಂಡ. ಎದುರಿಗೆ ಯಾರದೋ ಮನೆಯ ಗೋಡೆ. ಹೆಡ್‌ಲೈಟಿನ ಬೆಳಕು ಅದರ ಮೇಲೆ ಊಟದ ತಟ್ಟೆಯಷ್ಟಕ್ಕೆ ಕುಗ್ಗಿ ನಿಂತಿತು.

ಆಮೇಲೆ ಅಳಿಯ ಇಳಿದು ಬಂದು ಅವಳ ಕಾಲ ಬಳಿ ತಲೆ ತೂರಿಸಿ, ಟಾರ್ಚ್ ಬಿಟ್ಟು, ಸ್ಟೀರಿಂಗಿನ ಕಂಬಿ ಕೆಳಗಿನ ಕೀಲಿಗೆ ಸೇರುವ ಕಡೆ ಮುಚ್ಚಿದ್ದ ರಬ್ಬರನ್ನು ಎಳೆದ. ಕೀಲನ್ನು ಬಿಗಿಹಿಡಿಯಬೇಕಾದ ಬೋಲ್ಟು ಸಡಿಲಾಗಿ ನೇತಾಡುತ್ತಿತ್ತು.

"ಮಾವ, ಇದು ಬೆರಳಲ್ಲೇ ತಿರುಗ್ತಿದೆ. ಹಿಡಿಸಿದ್ದೀನಿ ಅಂದ್ರಲ್ಲ ನೀವು!"

"ಹಿಡಿಸಿದ್ದೀನಿ ಅಂದೆ. ಬಿಗಿ ಮಾಡಿದ್ದೀನಿ ಅಂದ್ನಾ? ಬಾನೆಟ್ ಕಡೆಯಿಂದ ಸ್ಪ್ಯಾನರ್ ಆಡಲ್ಲ. ಒಳಗಡೆ ನೀನಿದ್ದೀಯಲ್ಲ, ಬಿಗಿ ಮಾಡ್ತೀಯ ಅಂತ ಬಿಟ್ಟೆ."

"ನಮ್ಮ ಗ್ಯಾರೇಜಲ್ಲಿ ಹಿಡಿಸಿದೆ ಅಂದ್ರೆ ಕೆಲಸ ಮುಗೀತು ಅಂತ. ಅದಕ್ಕೇ ರಬ್ಬರ್ ಮುಚ್ಚಿದೆ."

"ನಿಮ್ಮ ಗ್ಯಾರೇಜು! ಹಾಗಾದ್ರೆ ಇದು ಯಾರದಪ್ಪ?"

ಅಳಿಯ ಕೆಲಸ ಕಲಿತದ್ದು ಬೇರೆ ಕಡೆ. ಇಲ್ಲಿ ಹಿಡಿಸುವುದೆಂದರೆ ಬೆರಳಲ್ಲಿ ಒಂದೆರಡು ಸುತ್ತು ಕೊಟ್ಟು ಬಿಡುವುದು, ಅಷ್ಟೇ. ಮದುವೆಯಾಗಿ ಬಂದಾಗಿನಿಂದ ಇಬ್ಬರೂ ಒಂದೇ ಮಾತನ್ನು ಎರಡು ಅರ್ಥದಲ್ಲಿ ಆಡಿಕೊಂಡು ಬಂದಿದ್ದರು. ಎಲ್ಲೂ ಎಡವಿರಲಿಲ್ಲ, ಆದ್ದರಿಂದ ಗೊತ್ತೂ ಆಗಿರಲಿಲ್ಲ.

ಮಗಳು ಇನ್ನೂ ಬ್ರೇಕಿನಿಂದ ಕಾಲು ತೆಗೆದಿರಲಿಲ್ಲ. "ಇಬ್ಬರೂ ಸರೀನೇ ಬಿಡಿ" ಎಂದಳು. "ಗೋಡೆ ಕಟ್ಟಿದೋನದೇ ತಪ್ಪು."

ಕೀಲನ್ನು ಅಲ್ಲೇ ಕೂರಿಸಿದರು. ಅಳಿಯ ಬಿಗಿ ಮಾಡಿದ. ಅವನು ಮಾಡಿದ್ದನ್ನು ಯಜಮಾನ ಮತ್ತೊಮ್ಮೆ ಬಿಗಿ ಮಾಡಿದ. ಯಾರೂ ಯಾರನ್ನೂ "ಆಯ್ತಾ?" ಎಂದು ಕೇಳಲಿಲ್ಲ.

ಬೆಳಿಗ್ಗೆ ಅವಳು ಮೇಷ್ಟರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಕಾಲಿಗೆ ಕಂಬಳಿ ಹೊದಿಸಿ ಬಂದಾಗ, ಗಂಡ ಮುಂದಿನ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟಿದ್ದ. ಅವನ ಹಿಂದೆ ಅಪ್ಪನೂ ಚಪ್ಪಲಿ ಮೆಟ್ಟಿ ನಿಂತಿದ್ದ.

"ಬೇಡ ರೀ, ಇಳೀರಿ. ನೀವು ಪಕ್ಕದಲ್ಲಿದ್ರೆ ರಸ್ತೆ ಬಿಟ್ಟು ನಿಮ್ಮ ಮುಖ ನೋಡ್ತಾ ಇರ್ತೀನಿ. ಆ ಬೋಲ್ಟಿನ ಹದಿನಾಲ್ಕರ ಸ್ಪ್ಯಾನರ್ ಕೊಡಿ, ಸಾಕು."

ಅವನು ಒಳಗೆ ಹೋಗಿ ತಂದುಕೊಟ್ಟ. ಅವಳು ಅದನ್ನು ಅವನು ಕೂರಬೇಕೆಂದಿದ್ದ ಸೀಟಿನ ಮೇಲಿಟ್ಟು, ಜಾರದ ಹಾಗೆ ಅದಕ್ಕೆ ಬೆಲ್ಟ್ ಬಿಗಿದು, ತಾನೂ ಬಿಗಿದುಕೊಂಡು ಹೊರಟಳು.