ಆರು ಮೈಲಿಯ ಕರಾರು

ಹಿಂದಿನಿಂದ ಹಾರ್ನ್ ಕೇಳಿದ್ದು ಇದು ಐದನೆಯ ಸಲ. ಡಾಕ್ಟರ್ ಇಂದುಶೇಖರ ಸೈಕಲ್ಲಿನ ಬ್ರೇಕ್ ಹಿಡಿದು, ಬೇಲಿಯ ಬದಿಗೆ ಒಂದು ಕಾಲೂರಿ ನಿಂತರು. ಹತ್ತು ಗಜ ಹಿಂದೆ, ಎರಡೂ ಕಡೆಯ ದೀಪ ಮಿಣುಕಿಸುತ್ತ, ಹೆಂಡತಿ ಮಹಾದೇವಿಯ ಕೆಂಪು ಕಾರು. ಅದರ ಹಿಂದೆ, ಡರ್ಬಿಶೈರಿನ ಆ ಓಣಿಯಂಥ ರಸ್ತೆಯಲ್ಲಿ, ಹನ್ನೊಂದು ಕಾರು, ಒಂದು ಟ್ರ್ಯಾಕ್ಟರು. ಭಾನುವಾರ ಬೆಳ್ಳಂಬೆಳಿಗ್ಗೆ ಇಷ್ಟು ಜನರ ಶಾಪ ಕಟ್ಟಿಕೊಳ್ಳುವುದೆಂದರೆ ಸಾಮಾನ್ಯವೇ!

“ಮಹಾದೇವಿ, ಹಿಂದ ಹೊಳ್ಳಿ ನೋಡು. ಇದೇನು ಮಂತ್ರಿ ಮೆರವಣಿಗಿ ಏನು?”

“ನಿಂತ್ರ ನಿಲ್ಲಲಿ ಬಿಡ್ರಿ,” ಮಹಾದೇವಿ ಕಾರಿನ ಕಿಟಕಿ ಇಳಿಸಿ ಹೇಳಿದರು. “ಅವರ ಎದ್ಯಾಗ ಎರಡೆರಡು ಸ್ಟೆಂಟ್ ಅದಾವೇನು?”

ಮಾತು ಸುಳ್ಳಲ್ಲ. ಹೋದ ನವೆಂಬರಿನಲ್ಲಿ ಡಾಕ್ಟರು ನಾಟಿಂಗ್‌ಹ್ಯಾಮಿನಲ್ಲಿ ತಮ್ಮದೇ ವಾರ್ಡಿನ ಮುಂದೆ, ರೋಗಿಯ ಚಾರ್ಟ್ ಹಿಡಿದುಕೊಂಡೇ ಕುಸಿದಿದ್ದರು. ಈಗ ಮೇ ತಿಂಗಳು. ಧಾರಾಳವಾಗಿ ಸೈಕಲ್ ತುಳಿಯಿರಿ ಎಂದು ಹೃದಯದ ಡಾಕ್ಟರೇ ಹೇಳಿಯಾಗಿದೆ. ಆದರೆ ಆ ಸರ್ಟಿಫಿಕೇಟು ಮಹಾದೇವಿಯ ಕೋರ್ಟಿನಲ್ಲಿ ನಡೆಯಬೇಕಲ್ಲ! ಆರು ಭಾನುವಾರದಿಂದ ಹೀಗೇ: ಮುಂದೆ ಇವರು, ಬೆನ್ನಿಗೆ ಆಕೆ. ಒಬ್ಬರೇ ಗಾಳಿ ಕುಡಿಯುತ್ತ ಹೋಗುವ ಸುಖಕ್ಕೆಂದೇ ಸೈಕಲ್ ಕೊಂಡ ಮನುಷ್ಯನಿಗೆ ಎಷ್ಟು ರೇಗಿರಬೇಡ.

“ಒಂದು ಕರಾರು ಮಾಡೋಣ,” ಎಂದರು. “ಇಲ್ಲಿಂದ ಆರು ಮೈಲಿಗೆ ಒಂದು ಊರು ಬರ್ತದ. ನೀ ಮುಂದ ಹೋಗಿ ಚರ್ಚ್ ಎದುರಿಗೆ ಕಾರ್ ನಿಲ್ಲಿಸಿ ಕೂಡು. ನಾ ಬರೂತನಕ ಏಳಬಾರದು, ಹುಡುಕ್ಕೋತ ಬರಬಾರದು. ತಡಕೊಂಡು ಕುಂತಿ ಅಂದ್ರ ಮುಂದಿನ ವಾರದಿಂದ ನಾ ಒಬ್ಬನ. ಎದ್ದು ಬಂದಿ ಅಂದ್ರ ಈ ಸೈಕಲ್ ಯಾರಿಗಾರ ಕೊಟ್ಟುಬಿಡ್ತೀನಿ.”

“ಎಷ್ಟೊತ್ತು ಕೂಡಬೇಕು?”

“ಎಷ್ಟೊತ್ತಾದರೂ.”

ಮಹಾದೇವಿ ಗಂಡನ ಮುಖವನ್ನು ಒಂದು ಗಳಿಗೆ ನೋಡಿದರು. “ಆತು,” ಎಂದು ಗೇರ್ ಹಾಕಿ ಹೊರಟೇಬಿಟ್ಟರು. ಹನ್ನೊಂದು ಕಾರುಗಳೂ ಟ್ರ್ಯಾಕ್ಟರೂ ಹಿಂದೆಯೇ ಹೊರಟವು.

ಆಹಾ, ಆಮೇಲಿನ ಆರು ಮೈಲಿ! ಏರು ಬಂದರೆ ಹಲ್ಲು ಕಚ್ಚಿ ತುಳಿಯುವುದು, ಇಳಿಜಾರು ಬಂದರೆ ಕಾಲು ನಿಲ್ಲಿಸಿ ಸುಮ್ಮನೆ ಕೂರುವುದು. ದಿಬ್ಬದ ಹಿಂದೊಂದು ದಿಬ್ಬ, ಮುಗಿಯಿತು ಅನ್ನುವಷ್ಟರಲ್ಲಿ ಮತ್ತೊಂದು. ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಗಳ ಆಚೆ ಕುರಿಮರಿಗಳು ತಾಯಿಯ ಕೆಚ್ಚಲು ಗುದ್ದುತ್ತಿದ್ದವು. ಬೇಲಿಯ ತುಂಬ ಬಿಳಿ ಹೂವು. ಎದೆಯದು ಒಂದು ಚೂರೂ ತಕರಾರಿಲ್ಲ. ಬೆನ್ನ ಹಿಂದೆ ಯಾರೂ ಇಲ್ಲವೆಂಬ ಖುಷಿಗೆ ಡಾಕ್ಟರು ಒಂದು ಇಳಿಜಾರಿನಲ್ಲಿ ಹೋ ಎಂದು ಕೂಗಿಯೂ ಬಿಟ್ಟರು. ಐವತ್ತಾರು ವರ್ಷದ ಮನುಷ್ಯ!

ಊರು ಬಂತು. ಏರಿನ ತುದಿಯಲ್ಲಿ ಚೌಕ ಗೋಪುರದ ಹಳೆಯ ಚರ್ಚ್. ಅದರ ಎದುರಿಗೆ ಕಾರು ಇರಲಿಲ್ಲ.

ಬಂದಾಳು ಬಿಡು ಎಂದುಕೊಂಡು ಸೈಕಲ್ಲನ್ನು ಗೋಡೆಗೆ ಆನಿಸಿದರು. ಐದು ನಿಮಿಷವಾಯಿತು, ಹತ್ತಾಯಿತು. ಕಾರಿನಲ್ಲಿ ಹೋದವಳು ತಮಗಿಂತ ಮೊದಲೇ ಬಂದಿರಬೇಕಲ್ಲ? ಮೊಬೈಲ್ ತೆಗೆದರೆ ಆ ಗುಡ್ಡಗಳ ನಡುವೆ ಸಿಗ್ನಲ್ಲೇ ಇಲ್ಲ. ನಾಲ್ಕು ದಾರಿ ಕೂಡುವಲ್ಲಿ ತಪ್ಪಿ ಎಡಕ್ಕೆ ಹೊರಳಿಬಿಟ್ಟಳೇ? ಅದು ಕಲ್ಲುಗಣಿಯ ರಸ್ತೆ. ಮೈಮೇಲೆ ಬರುವ ಲಾರಿಗಳು. ಆಕೆಗೋ ರಿವರ್ಸ್ ಅಂದರೇ ಭಯ. ವಾರ್ಡಿನ ಹೊರಗೆ ನಿಂತವರಿಗೆಲ್ಲ ಇಪ್ಪತ್ತೈದು ವರ್ಷ “ಗಾಬರಿ ಆಗಬೇಡಿ, ಕೂತುಕೊಳ್ಳಿ” ಎಂದು ಹೇಳಿದ ಮನುಷ್ಯನಿಗೆ ತಾನೇ ಕೂರಲಾಗಲಿಲ್ಲ. ಹದಿನೈದನೆಯ ನಿಮಿಷಕ್ಕೆ ಸೈಕಲ್ ಹತ್ತಿ, ದಿಕ್ಕುಗೆಟ್ಟವರ ಹಾಗೆ ಊರೊಳಗೆ ನುಗ್ಗಿದರು.

ಹೂಗಿಡಗಳಿಗೆ ನೀರು ಹಾಕುತ್ತಿದ್ದ ಮುದುಕರೊಬ್ಬರು ಸಿಕ್ಕರು. ಕೆಂಪು ಕಾರನ್ನೇನಾದರೂ ನೋಡಿದಿರಾ, ಅದರಲ್ಲಿ ನನ್ನ ಹೆಂಡತಿ ಇದ್ದಾಳೆ ಎಂದು ಡಾಕ್ಟರು ಇಂಗ್ಲಿಷಿನಲ್ಲಿ ತೊದಲಿದರು.

“ಓ, ಅವರು ನಿಮ್ಮವರಾ? ಕೆಳಗೆ ನಮ್ಮ ಮೆಥಡಿಸ್ಟ್ ಪಂಥದ ಚರ್ಚಿನ ಎದುರಿಗೇ ಇದ್ದಾರಲ್ಲ. ಒಳಗೆ ಬನ್ನಿ, ಟೀ ಕುಡಿಯಿರಿ ಅಂದೆ. ಏಳುವ ಹಾಗಿಲ್ಲ ಅಂದರು. ಏನು, ಪಾಪ, ಕಾಲು ನೋವೇ?”

ಹಿಡಿಯಷ್ಟು ಮನೆಗಳ ಊರಿಗೆ ಎರಡು ಚರ್ಚ್! ಇಪ್ಪತ್ತೆರಡು ವರ್ಷ ಈ ದೇಶದಲ್ಲಿದ್ದೂ ಡಾಕ್ಟರಿಗೆ ಇದು ಹೊಳೆದಿರಲಿಲ್ಲ. ಅವರ ಧಾರವಾಡದ ಕಡೆಯಾದರೆ, ಗುಡಿಯ ಮುಂದೆ ನಿಲ್ಲು ಎಂದವನನ್ನು ಯಾವ ಗುಡಿಯಪ್ಪಾ ಎಂದು ಕೇಳದೆ ಬಿಡುತ್ತಿದ್ದರೇ?

ಮಹಾದೇವಿ ಬೆಲ್ಟನ್ನೂ ಬಿಚ್ಚದೆ, ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದರು. ಕಣ್ಣು ಕೆಂಪಾಗಿದ್ದವು.

“ಮುಕ್ಕಾಲು ತಾಸು ಆತು,” ಎಂದರು. “ನಾಲ್ಕು ಸಲ ಬಾಗಿಲಿಗೆ ಕೈ ಹಾಕಿ ಹಿಂದಕ್ಕ ತಗೊಂಡೆ. ಆದ್ರ ಎದ್ದಿಲ್ರಿ. ನೀವು ಗೆದ್ರಿ. ಮುಂದಿನ ವಾರದಿಂದ ಒಬ್ಬರ ಹೋಗ್ರಿ, ನಾ ಮನ್ಯಾಗ ಇರ್ತೀನಿ.”

ಬೇಡಿದ್ದು ಕೈಗೆ ಬಂದಿತ್ತು. ಆದರೆ ತಾವು ತಡೆದುಕೊಂಡದ್ದು ಹದಿನೈದೇ ನಿಮಿಷ ಎಂದು ಹೇಳಲು ಡಾಕ್ಟರಿಗೆ ನಾಚಿಕೆಯಾಯಿತು. ಕಿಟಕಿಯ ಅಂಚು ಹಿಡಿದು, ಹೋದ ಉಸಿರು ತಿರುಗಿ ಬರುವ ತನಕ ನಿಂತರು.

“ಎದಿ ನೋಯಾಕತ್ತೈತೇನ್ರಿ?” ಆಕೆ ಗಾಬರಿಯಿಂದ ಕೇಳಿದರು.

“ಇಲ್ಲ,” ಎಂದು ಡಾಕ್ಟರು ಸೈಕಲ್ ಏರಿದರು. “ನೀ ಮುಂದ ನಡಿ. ತಾಸಿಗೆ ಹತ್ತು ಮೈಲಿ ಮ್ಯಾಲೆ ಓಡಸಬ್ಯಾಡ. ನನ್ನ ಕಣ್ಣಿಗೆ ಕಾಣೂಹಂಗ ಹೋಗು.”