ಬೆಕ್ಕಿನ ಕ್ಯಾಮೆರಾ

"ಅಣ್ಣಾ, ಹೊರಗಿನವರು ಯಾರೋ ನಿನ್ನ ಕಂಪ್ಯೂಟರಿನೊಳಗೆ ಇದ್ದಾರೆ," ಎಂದಳು ತಂಗಿ. ಇಂಟರ್‌ನೆಟ್ ಆಮೆಯ ಹಾಗೆ ತೆವಳುತ್ತಿದೆ ಎಂದು ಅವನು ಗೊಣಗಿದ್ದಕ್ಕೆ, ಕಪ್ಪು ಪರದೆಯಲ್ಲಿ ಒಂದು ಕಮಾಂಡ್ ಟೈಪಿಸಿ, ಯಾರ್ಯಾರ ಸಂಪರ್ಕವಿದೆ ಎಂಬ ಪಟ್ಟಿ ತೆಗೆದಿದ್ದಳು. ಅವಳ ಬೆರಳು ಒಂದು ಸಾಲಿನ ಮೇಲೆ ನಿಂತಿತು. "ಬೆಕ್ಕಿಗೆ ಅಂತ ಹಾಕಿದ್ಯಲ್ಲ, ಆ ಕ್ಯಾಮೆರಾ ನೋಡ್ತಿದ್ದಾರೆ. ಈಗ್ಲೂ."

"ನಮ್ಮ ಬೆಕ್ಕು ಗೊರಕೆ ಹೊಡೆಯೋದನ್ನ ನೋಡೋಕೆ ಯಾರಿಗಪ್ಪಾ ಅಷ್ಟು ಪುರುಸೊತ್ತು?" ಎಂದು ಅವನು ನಕ್ಕ.

"ಪಾಸ್‌ವರ್ಡ್ ಬೇರೆ ಯಾರಿಗೆ ಗೊತ್ತು?"

ನಗು ಅಲ್ಲೇ ನಿಂತಿತು. ಪಾಸ್‌ವರ್ಡ್ ಇಟ್ಟವಳು ಅವನ ಹೆಂಡತಿ. ಜಗಳವಾಡಿ ಮನೆ ಬಿಟ್ಟು ಹೋದಮೇಲೆ ಅವಳು ಅವನ ಒಂದು ಫೋನನ್ನೂ ಎತ್ತಿರಲಿಲ್ಲ.

"ಅತ್ತಿಗೇನಾ?" ತಂಗಿಯ ದನಿ ಇಳಿಯಿತು. "ಕಟ್ ಮಾಡ್ಲಾ?"

"ಬೇಡ, ಮುಟ್ಟಬೇಡ."

ಅವನು ಎದ್ದ. ಅಂಗಿಯ ಗುಂಡಿ ಹಾಕಿಕೊಂಡ, ಕೈಯಿಂದಲೇ ಕೂದಲು ಸರಿಮಾಡಿಕೊಂಡ. ಪಕ್ಕದ ಕೋಣೆಗೆ ಹೋಗಿ, ಬೆಕ್ಕಿಗೆ ಎಚ್ಚರವಾಗದ ಹಾಗೆ ಅದರ ಪಕ್ಕ ನೆಲದ ಮೇಲೆ ಕೂತ. ಕ್ಯಾಮೆರಾದತ್ತ ತಲೆಯೆತ್ತಲು ಧೈರ್ಯ ಬರಲಿಲ್ಲ.

"ನೋಡೇ," ಎಂದು ಅಲ್ಲಿಂದಲೇ ಮೆಲ್ಲಗೆ ಕೂಗಿದ, "ಹೋದ್ಲಾ?"

ತಂಗಿ ಅದೇ ಕಮಾಂಡನ್ನು ಮತ್ತೆ ಒತ್ತಿದಳು. ಪಟ್ಟಿ ಒಂದೊಂದೇ ಸಾಲಾಗಿ ಮೂಡಿತು.

"ಇಲ್ಲ ಅಣ್ಣಾ. ಇದ್ದಾರೆ."